ಹಲ್ಲುಪುಡಿಯ ಬಟ್ಟಲು

ನಮ್ಮೂರ ಚಾವಡಿಯ ಮುಂದೆ ಒಂದು ಕಲ್ಲಿನ ಬಾನಿ ಇದೆ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲೊಂದನ್ನು ಅದರ ನೀರಿನ ಮೇಲೆ ತೇಲಿಬಿಡುವ ಕೆಲಸ ನನ್ನದು. ಅದೇನು ಮಹಾ ಕೆಲಸ ಎಂದು ನನ್ನ ಸೊಸೆ ಮೂಗು ಮುರಿಯುತ್ತಾಳೆ. ಬಟ್ಟಲು ಬಿಡುವುದು, ಮುಳುಗಿದಾಗ 'ಆಯಿತು' ಎನ್ನುವುದು, ಕೈ ಹಾಕಿ ಎತ್ತಿ ಒರೆಸಿಡುವುದು, ಇಷ್ಟೇ. ಆದರೆ ಈ ಬಟ್ಟಲು ದಾಟದ ಯಾವ ವಿಷಯಕ್ಕೂ ಊರಿನ ಒಪ್ಪಿಗೆ ಇಲ್ಲ. ಹೊಸ ಬಾವಿ ತೋಡಬೇಕಾದರೂ, ಶಾಲೆಗೆ ಹೊಸ ಪಾಠ ಬರಬೇಕಾದರೂ ಯಾರಾದರೊಬ್ಬರು ಬಾನಿಯ ಪಕ್ಕ ನಿಂತು ವಿಷಯ ಹೇಳಬೇಕು. ಬಟ್ಟಲು ಮುಳುಗುವ ತನಕ ಹೇಳಿದ್ದು ಊರಿಗೆ ಉಳಿಯುತ್ತದೆ. ಹೇಳದೆ ಬಿಟ್ಟದ್ದನ್ನು ಆಮೇಲೆ ಯಾರೂ ಹೇಳಲಾರರು. ಹೇಳಬಾರದೆಂಬ ಕಟ್ಟಳೆಯೇನಿಲ್ಲ, ಹೇಳಲು ಬರುವುದೇ ಇಲ್ಲ. ಬಾಯಿ ತೆರೆದರೆ ನಾಲಿಗೆ ಹೊರಳುವುದಿಲ್ಲ, ಬರೆಯಲು ಕೂತರೆ ಬೆರಳು ಮರಗಟ್ಟುತ್ತವೆ.

ಇದರ ಜೊತೆ ನಾವು ಹೊಂದಿಕೊಂಡಿದ್ದೇವೆ. ಹಳ್ಳದ ಸೇತುವೆಯ ಮೇಲೆ ಎಲ್ಲರೂ ಎಡಬದಿಯಲ್ಲೇ ನಡೆಯುತ್ತೇವೆ. ಗೊತ್ತಿಲ್ಲದ ನೆಂಟರು ಬಲಬದಿಗೆ ಹೋದರೆ ರಟ್ಟೆ ಹಿಡಿದು ಈಚೆ ಎಳೆಯುತ್ತೇವೆ. ಏಕೆ ಎಂದು ಅವರು ಕೇಳಿದರೆ ಕೆಮ್ಮುತ್ತೇವೆ. ಮದುವೆ ಮಾತುಕತೆಯನ್ನು ಮಾತ್ರ ಯಾರೂ ಬಟ್ಟಲಿಗೆ ತರುವುದಿಲ್ಲ, ಅಷ್ಟು ಬುದ್ಧಿ ನಮಗೂ ಇದೆ. ಇನ್ನು, ಐವತ್ತು ದಾಟಿದ ನಾವೆಲ್ಲ ನಗುವಾಗ ಬಾಯಿಗೆ ಕೈಯನ್ನೋ ಸೆರಗನ್ನೋ ಅಡ್ಡ ಹಿಡಿಯುತ್ತೇವೆ. ಅದು ಏಕೆಂದು ನಾನು ಹೇಳಲಾರೆ. ನನ್ನ ತಮ್ಮ ಮರುಳಯ್ಯ ಹೇಳಿದ ಕೊನೆಯ ಬಟ್ಟಲು ಒಂದು ಕಪ್ಪು ಹಲ್ಲುಪುಡಿಯದ್ದು. ಅದು ಬಹಳ ಒಳ್ಳೆಯ ಪುಡಿ, ಹಲ್ಲು ಫಳಫಳ ಹೊಳೆಯುತ್ತದೆ ಎಂದು ಅವನು ಚೆಂದವಾಗಿ ಹೇಳಿದ. ನನ್ನಿಂದ ಹೇಳಲಾಗುವುದು ಇಷ್ಟು ಮಾತ್ರ.

ಮರುಳಯ್ಯನದು, ಎಂದರೆ ನನ್ನ ತವರು, ಸಾರ ಹೇಳುವವರ ಮನೆ. ಯಾರದೋ ವರ್ಷಗಳ ಕೆಲಸವನ್ನು ಕೇಳಿಸಿಕೊಂಡು, ಹಿಂಡಿ, ಒಂದು ಬಟ್ಟಲಿನ ಮಾತಾಗಿ ಮಾಡುವುದು ಅವರ ಕಸುಬು. ಹಲ್ಲುಪುಡಿಯ ಆ ಬಟ್ಟಲಾದ ಮೇಲೆ ಅವನು ಬಾನಿಯ ಹತ್ತಿರ ಸುಳಿಯಲಿಲ್ಲ. ಮಂಚಕ್ಕೆ ಹುರಿ ಹೆಣೆಯುತ್ತಾ ಮನೆಯಲ್ಲೇ ಉಳಿದುಬಿಟ್ಟ. ಅವನ ಮಗಳು ದಾಕ್ಷಾಯಿಣಿ ದೊಡ್ಡವಳಾಗಿ ತಾನೇ ಸಾರ ಹೇಳುತ್ತೇನೆಂದು ಹೊರಟಾಗ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಹುಡುಗಿ ನನ್ನ ಕೈಯಲ್ಲೇ ಆಡಿ ಬೆಳೆದವಳು. ಮಾತಿನಲ್ಲಿ ಚುರುಕು, ಸ್ವಲ್ಪ ಮುಂಗೋಪಿ, ಯಾರಾದರೂ ಮಾತು ಅರ್ಧಕ್ಕೆ ನಿಲ್ಲಿಸಿದರೆ ಪೂರ್ತಿ ಮಾಡುವ ತನಕ ಬಿಡುವವಳಲ್ಲ. ಅವಳಿಗೆ ಸಿಕ್ಕ ಮೊದಲ ಬಟ್ಟಲೇ ಮತ್ತೊಂದು ಹಲ್ಲುಪುಡಿಯದ್ದು.

ಈ ಸಲದ ಪುಡಿ ಹಲ್ಲಿನ ಡಾಕ್ಟರ್ ಜಯದೇವರದು. ವಸಡಿನಲ್ಲಿ ರಕ್ತ ಬರುವುದಕ್ಕೆ ಒಂದು ಬೇರಿನಿಂದ ಮಾಡಿದ್ದು. ಅದಕ್ಕಾಗಿ ಅವರು ಎಷ್ಟು... ಇರಲಿ, ಆ ಮಾತು ಈಗ ನನ್ನ ನಾಲಿಗೆಗೆ ಬರುತ್ತಿಲ್ಲ. ಕಾರಣ ಮುಂದೆ ತಾನಾಗಿ ತಿಳಿಯುತ್ತದೆ. ಡಾಕ್ಟರು ಪುಡಿಯನ್ನು ಊರಿನ ಎಂಬತ್ತು ಜನರ ಮೇಲೆ ಪರೀಕ್ಷೆ ಮಾಡಿದ್ದರು. ಮುಚ್ಚಿದ ಗಡಿಗೆಯಿಂದ ಒಬ್ಬೊಬ್ಬರೂ ಒಂದೊಂದು ಹುಣಸೆ ಬೀಜ ಎತ್ತಬೇಕು. ಸುಲಿದ ಬೀಜ ಬಂದ ನಲವತ್ತು ಜನರಿಗೆ ಹೊಸ ಪುಡಿ, ಸುಲಿಯದ್ದು ಬಂದ ನಲವತ್ತು ಜನರಿಗೆ ಅದೇ ಬಣ್ಣದ, ಬೇರು ಸೇರಿಸದ ಬರೀ ಉಪ್ಪಿನ ಪುಡಿ. ಯಾವ ಬೀಜಕ್ಕೆ ಯಾವ ಪುಡಿ ಎಂದು ತೆಗೆದುಕೊಂಡವರಿಗೂ ಗೊತ್ತಿಲ್ಲ, ಆರು ವಾರದ ಮೇಲೆ ವಸಡು ನೋಡಿದ ನರ್ಸ್ ಫಿಲೋಮಿನಾಗೂ ಗೊತ್ತಿಲ್ಲ. ಹೊಸ ಪುಡಿಯನ್ನು ಕೊನೆಯ ತನಕ ಉಜ್ಜಿದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ರಕ್ತ ನಿಂತಿತ್ತು. ಡಾಕ್ಟರ ಖುಷಿಗೆ ಪಾರವಿರಲಿಲ್ಲ. ಬಟ್ಟಲು ಚೆನ್ನಾಗಿ ಮುಳುಗಿದರೆ ಮಾರನೆಯ ದಿನದಿಂದಲೇ ಶಾಲೆಯ ಮಕ್ಕಳಿಗೆಲ್ಲ ಆ ಪುಡಿ ಹಂಚುವುದೆಂದು ಊರಿನ ಮಂಡಲಿ ಒಪ್ಪಿಕೊಂಡಿತ್ತು.

ದಾಕ್ಷಾಯಿಣಿಯ ಮೊದಲ ತಯಾರಿ ವಂದನೆಯದು. ಸಾರಕ್ಕೆ ಮೊದಲು ವಂದನೆ ನಮ್ಮೂರ ಪದ್ಧತಿ. ಹಳ್ಳಕ್ಕೆ, ಊರು ಕಟ್ಟಿದವರಿಗೆ, ಚಾವಡಿಯ ಕಂಬಗಳಿಗೆ, ಮಂಡಲಿಯ ಏಳು ಜನರಿಗೆ ಹೆಸರು ಹಿಡಿದು, ಅವರಲ್ಲಿ ಮುಖ್ಯರಾದ ಒಬ್ಬ ಹಿರಿಯರಿಗೆ ಅವರ ತಂದೆ ತಾತಂದಿರನ್ನೂ ಸೇರಿಸಿ ವಂದಿಸಬೇಕು. ಅಷ್ಟಾಗುವ ಹೊತ್ತಿಗೆ ಬಟ್ಟಲು ಅರ್ಧ ತುಂಬಿರುತ್ತದೆ. ಆ ಹಿರಿಯರಂತೂ ತಮ್ಮ ಹೆಸರು ಬರುವಾಗ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಮೀಸೆ ನೀವಿಕೊಂಡೇ ಕೇಳುವುದು. ಅವರ ಹೆಸರೇನೆಂದು ಕೇಳಬೇಡಿ, ಈ ಕಥೆ ಹೇಳುವಾಗ ಅದೂ ನನಗೆ ಬರುವುದಿಲ್ಲ.

ಒಂದು ಸಂಜೆ ದಾಕ್ಷಾಯಿಣಿ ಮಂಡಕ್ಕಿ ಕೊಳ್ಳಲು ಸಾವಂತ್ರಮ್ಮನ ಅಂಗಡಿಗೆ ಹೋದಳು. ಸಾವಂತ್ರಮ್ಮನ ಖಾರ ಮಂಡಕ್ಕಿ ತಿಂದವರ ಕಣ್ಣಲ್ಲಿ ನೀರು ಬರಬೇಕು, ಅದೇ ಅದರ ಖ್ಯಾತಿ. ಅವತ್ತು ಮಂಡಕ್ಕಿ ಸಪ್ಪೆ. ಏನಾಯಿತೆಂದು ವಿಚಾರಿಸಿದರೆ ಡಾಕ್ಟರ ಪುಡಿ ಉಜ್ಜಿದ್ದಕ್ಕೆ ಬಾಯೆಲ್ಲ ಹುಣ್ಣಾಗಿತ್ತು ಎಂದಳು. ಖಾರದ ರುಚಿ ಮಾತ್ರ ಇನ್ನೂ... ಈ ಮಾತೂ ನನಗೆ ಇಷ್ಟೇ ಬರುತ್ತದೆ. ಡಾಕ್ಟರು ಪಾಪ, ಮನೆಗೇ ಬಂದು ನೋಡಿ, ಪುಡಿ ನಿಲ್ಲಿಸಿ ಎಣ್ಣೆ ಹಚ್ಚಲು ಹೇಳಿದ್ದರಂತೆ. ತನ್ನಂತೆ ಬಿಟ್ಟವರು ಇನ್ನೂ ಕೆಲವರಿದ್ದಾರೆ ಎಂದೂ ಹೇಳಿ, ಒಂದು ಹಿಡಿ ಮಂಡಕ್ಕಿ ಹೆಚ್ಚಿಗೆ ಹಾಕಿದಳು.

ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡೇ ದಾಕ್ಷಾಯಿಣಿ ಆಸ್ಪತ್ರೆಗೆ ಹೋದಳು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಹೊಸ ಪುಡಿಯ ನಲವತ್ತು ಜನರಲ್ಲಿ ಹದಿನಾಲ್ಕು ಜನ ನಡುವೆ ಬಿಟ್ಟಿದ್ದರು, ಅವರಲ್ಲಿ ಹನ್ನೊಂದು ಜನರಿಗೆ ಹುಣ್ಣಾಗಿತ್ತು. ಪುಡಿ ನಿಲ್ಲಿಸಿದ ಮೇಲೆ ಎಲ್ಲರಿಗೂ ವಾಸಿಯಾಗಿತ್ತು. ಹಾಗಾದರೆ ಹತ್ತಕ್ಕೆ ಒಂಬತ್ತು ಎನ್ನುವುದು ಎಲ್ಲಿಯ ಲೆಕ್ಕ ಎಂದು ಇವಳು ಕೇಳಿದಳು. ಉಳಿದ ಇಪ್ಪತ್ತಾರು ಜನರದು, ಬಿಟ್ಟುಹೋದವರನ್ನು ನಮ್ಮೂರಿನಲ್ಲಿ ಯಾರಾದರೂ ಎಣಿಸಿದ್ದುಂಟೆ ಎಂದು ಅವರು ಮರುಪ್ರಶ್ನೆ ಹಾಕಿದರು. ಅದೂ ನಿಜವೇ. ಹೇಳದೆ ಬಿಟ್ಟದ್ದರ ಜೊತೆ ಬದುಕಿ ಬದುಕಿ, ಬಿಟ್ಟದ್ದು ಇಲ್ಲವೇ ಇಲ್ಲ ಎಂದುಕೊಳ್ಳುವುದು ನಮಗೆ ಅಭ್ಯಾಸವಾಗಿದೆ.

"ನಾನು ಮೋಸ ಮಾಡ್ತಿಲ್ಲ ದಾಕ್ಷಾಯಿಣಿ," ಎಂದರು ಡಾಕ್ಟರು. "ಬೀಜ ಎತ್ತಿದ್ದು, ಬಿಟ್ಟೋರು, ಹುಣ್ಣು, ಇಷ್ಟನ್ನೆಲ್ಲ ಹೇಳೋಕೆ ಬಟ್ಟಲಲ್ಲಿ ಜಾಗ ಎಲ್ಲಿದೆ? ಹುಣ್ಣು ಅಂದ ತಕ್ಷಣ ಊರು ಹೆದರಿಕೊಳ್ಳುತ್ತೆ. ಪುಡಿ ನಿಜವಾಗ್ಲೂ ಒಳ್ಳೇದು."

ಅದು ಒಳ್ಳೆಯ ಪುಡಿಯೇ ಎಂದು ಅವಳಿಗೂ ಅನ್ನಿಸಿತ್ತು. ಅವಳನ್ನು ಕಾಡಿದ್ದು ಬೇರೆ. ಇವತ್ತು ಸಾವಂತ್ರಮ್ಮ ಹುಣ್ಣಿನ ವಿಷಯ ಅಂಗಡಿಯಲ್ಲಿ ಕೂತು ಯಾರಿಗೆ ಬೇಕಾದರೂ ಹೇಳಬಲ್ಲಳು. ಬಟ್ಟಲಲ್ಲಿ ಅದು ಬರದೆ ಹೋದರೆ ಮಾರನೆಯ ದಿನದಿಂದ ಹೇಳಲಾರಳು. ಪುಡಿ ಉಜ್ಜಿದ ಮಗುವಿನ ಬಾಯಲ್ಲಿ ಹುಣ್ಣೆದ್ದರೆ ಪುಡಿ ನಿಲ್ಲಿಸು ಎಂದು ತಾಯಿಗೆ ಹೇಳಲು ಇಡೀ ಊರಿನಲ್ಲಿ ಒಂದು ನಾಲಿಗೆಯೂ ಇರುವುದಿಲ್ಲ. ಡಾಕ್ಟರ ನಾಲಿಗೆಯೂ ಇರುವುದಿಲ್ಲ.

ಅವಳು ನಮ್ಮ ಮನೆಗೆ ಬಂದು ಇದನ್ನೆಲ್ಲ ಒದರಿದಳು. ಅಭ್ಯಾಸಕ್ಕೆಂದು ಅಡುಗೆಮನೆಯ ಹಂಡೆಯಲ್ಲಿ ನನ್ನ ಹಳೆಯ ಬಟ್ಟಲನ್ನು ತೇಲಿಬಿಟ್ಟಳು. ಮರುಳಯ್ಯನೂ ಅವನ ಹೆಂಡತಿ ಶಿವಲೀಲೆಯೂ ಅಲ್ಲಿದ್ದರು. ವಂದನೆ ಶುರುವಾಯಿತು. ಹಳ್ಳಕ್ಕೆ ವಂದನೆ, ಊರು ಕಟ್ಟಿದವರಿಗೆ ವಂದನೆ. ಹುರಿ ಹೆಣೆಯುತ್ತಿದ್ದ ಮರುಳಯ್ಯ ಎದ್ದು ಬಂದು, ತೋರುಬೆರಳಿನಿಂದ ಬಟ್ಟಲನ್ನು ಒತ್ತಿ ಮುಳುಗಿಸಿಬಿಟ್ಟ. ಅವಳು ಸಿಡುಕಿ ಮತ್ತೆ ಎತ್ತಿ ತೇಲಿಬಿಟ್ಟಳು. ಹಳ್ಳಕ್ಕೆ ಎನ್ನುವಷ್ಟರಲ್ಲಿ ಮತ್ತೆ ಅದೇ ಬೆರಳು. ಮೂರನೆಯ ಸಲ ಅವಳಿಗೆ ಅಳು ಬಂತು. ಏನಪ್ಪಾ ನಿನ್ನ ತಕರಾರು, ಬಾಯಿ ಬಿಟ್ಟು ಹೇಳು ಎಂದಳು. ಮರುಳಯ್ಯ ಬಾಯಿ ತೆರೆದ. ನಾಲಿಗೆ ನಡುಗಿತು, ಮಾತು ಹೊರಡಲಿಲ್ಲ. ಅವನ ಕಣ್ಣು ತುಂಬಿ ಬಂದವು. ಎಷ್ಟು ವರ್ಷದಿಂದ ಅವನು ಅದನ್ನು ಗಂಟಲಲ್ಲಿ ಇಟ್ಟುಕೊಂಡಿದ್ದನೋ, ನನಗೆ ಅವನ ಮುಖ ನೋಡಲಾಗಲಿಲ್ಲ.

ಆಗ ಶಿವಲೀಲೆ ಮಗಳ ಮುಂದೆ ಬಂದು ನಿಂತಳು. ಬಾಯಿಗೆ ಅಡ್ಡವಿದ್ದ ಸೆರಗನ್ನು ತೆಗೆದು, ಬಾಯಿ ದೊಡ್ಡದಾಗಿ ತೆರೆದಳು. ಹೆತ್ತ ತಾಯಿಯ ಹಲ್ಲನ್ನು ದಾಕ್ಷಾಯಿಣಿ ಅವತ್ತಿನವರೆಗೂ ನೋಡಿರಲಿಲ್ಲ. ಅವಳು ಕಂಡದ್ದನ್ನು ನಾನು ಹೇಳಲಾರೆ. ಅವಳು ಅಪ್ಪನನ್ನು ನೋಡಿದಳು, ಹಂಡೆಯ ತಳದಲ್ಲಿದ್ದ ಬಟ್ಟಲನ್ನು ನೋಡಿದಳು.

"ವಂದನೆ ಬೇಡ ಅಂತೀಯ," ಎಂದಳು ಮೆಲ್ಲಗೆ. ಮರುಳಯ್ಯ ಹೌದೆಂದು ತಲೆಯಾಡಿಸಿದ.

ಬೆಳಿಗ್ಗೆ ಅವಳು ಡಾಕ್ಟರ ಬಳಿ ಹೋಗಿ ವಂದನೆ ಬಿಟ್ಟರೆ ಎಲ್ಲಕ್ಕೂ ಜಾಗ ಸಿಗುತ್ತದೆ ಎಂದು ತಿಳಿಸಿದಳು. ಡಾಕ್ಟರು ಅವಳನ್ನು ಬಾಗಿಲ ತನಕ ಕಳಿಸಿ ಒಳಗೆ ಹೋದರು. ವಂದನೆ ಬಿಟ್ಟ ಬಟ್ಟಲು ನಮ್ಮೂರ ಚರಿತ್ರೆಯಲ್ಲೇ ಇಲ್ಲ. ಹಿರಿಯರ ಕೈಯಲ್ಲಿ ಒಂದು ಬೆತ್ತವಿದೆ. ಅವರು ಅದನ್ನು ಎತ್ತಿದರೆ ಸಾರ ಹೇಳುವವರು ಅಲ್ಲಿಗೇ ನಿಲ್ಲಿಸಬೇಕು, ಮುಂದೆ ಯಾವತ್ತೂ ಬಾನಿಯ ಬಳಿ ಬರುವಂತಿಲ್ಲ. ಬಟ್ಟಲು ಮಾತ್ರ ನಿಲ್ಲುವುದಿಲ್ಲ, ಮುಳುಗುತ್ತಲೇ ಇರುತ್ತದೆ. ಹಾಗಾದರೆ ಪುಡಿಯ ಬಗ್ಗೆ ಒಳ್ಳೆಯದೂ ಹೇಳಿದಂತಾಗುವುದಿಲ್ಲ, ಕೆಟ್ಟದ್ದೂ ಹೇಳಿದಂತಾಗುವುದಿಲ್ಲ. ಡಾಕ್ಟರಿಗೆ ಇದೆಲ್ಲ ಗೊತ್ತಿತ್ತು. ದಾಕ್ಷಾಯಿಣಿ ಬೀದಿಯ ತಿರುವು ತಲುಪಿದಾಗ ಅವರು ಬಾಗಿಲಿಗೆ ಬಂದು ಕೂಗಿ ಕರೆದರು.

"ನಲವತ್ತರಲ್ಲೇ ಎಣಿಸು. ಸಾವಂತ್ರಮ್ಮನನ್ನ ಬಿಟ್ಟ ಲೆಕ್ಕಾನ ನಾನು ಯಾರ ಮುಂದೆ ಒಪ್ಪಿಸಲಿ?"

ಬಟ್ಟಲಿನ ದಿನ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ತಾಯಂದಿರು ಬಂದಿದ್ದರು. ಹಿರಿಯರು ಹೊಸ ಪೇಟ ಸುತ್ತಿ ಕೂತಿದ್ದರು. ಸಾವಂತ್ರಮ್ಮ ಮಂಡಕ್ಕಿ ಬುಟ್ಟಿಯೊಂದಿಗೆ ಒಂದು ಕಡೆ ನಿಂತಿದ್ದಳು, ವ್ಯಾಪಾರ ಮಾತ್ರ ಮಾಡುತ್ತಿರಲಿಲ್ಲ. ನಾನು ಬಟ್ಟಲು ಬಿಟ್ಟೆ.

"ಇದು ವಸಡಿನ ರಕ್ತಕ್ಕೆ ಡಾಕ್ಟರ್ ಜಯದೇವರು ಬೇರಿನಿಂದ ಮಾಡಿದ ಪುಡಿಯ ಪರೀಕ್ಷೆಯ ಸಾರ," ಎಂದು ದಾಕ್ಷಾಯಿಣಿ ನೇರವಾಗಿ ಶುರು ಮಾಡಿದಳು.

ಜನ ಗುಜುಗುಜು ಎಂದರು. ಹೆಸರು ಬರುವುದನ್ನು ಕಾಯುತ್ತಾ ಮುಂದಕ್ಕೆ ಸರಿದಿದ್ದ ಹಿರಿಯರು ಹಾಗೆಯೇ ಉಳಿದುಬಿಟ್ಟರು, ಮೀಸೆಯ ಮೇಲಿನ ಕೈ ಬೆತ್ತಕ್ಕೆ ಹೋಯಿತು. ದಾಕ್ಷಾಯಿಣಿ ಆ ಕಡೆ ನೋಡಲೇ ಇಲ್ಲ. ಎಂಬತ್ತು ಜನ ಸೇರಿದ್ದು, ಗಡಿಗೆಯಿಂದ ಬೀಜ ಎತ್ತಿದ್ದು, ಒಂದು ಪಾಲಿಗೆ ಹೊಸ ಪುಡಿ ಒಂದು ಪಾಲಿಗೆ ಉಪ್ಪು, ಯಾರಿಗೆ ಯಾವುದೆಂದು ತೆಗೆದುಕೊಂಡವರಿಗೂ ನೋಡಿದ ಫಿಲೋಮಿನಾಗೂ ತಿಳಿಯದಿದ್ದದ್ದು, ಆರು ವಾರಕ್ಕೆ ರಕ್ತ ನಿಂತಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದೆಂದು ಮೊದಲೇ ತೀರ್ಮಾನಿಸಿದ್ದು, ಎಲ್ಲವನ್ನೂ ಪುಟ್ಟ ಪುಟ್ಟ ಮಾತಿನಲ್ಲಿ ಹೇಳಿದಳು.

ಬೆತ್ತ ಮೇಲೇಳುತ್ತಿತ್ತು. ಅವಳ ದನಿ ಒಂದಿಷ್ಟೂ ಬದಲಾಗಲಿಲ್ಲ. ಕೊನೆಯ ತನಕ ಉಜ್ಜಿದವರನ್ನು ಮಾತ್ರ ಎಣಿಸಿದರೆ ಹತ್ತಕ್ಕೆ ಒಂಬತ್ತು ಜನರಿಗೆ ಗುಣ ಎಂದಳು. ಶುರು ಮಾಡಿದವರನ್ನೆಲ್ಲ ಎಣಿಸಿದರೆ ಹೊಸ ಪುಡಿಯ ನಲವತ್ತರಲ್ಲಿ ಇಪ್ಪತ್ನಾಲ್ಕು, ಉಪ್ಪಿನ ನಲವತ್ತರಲ್ಲಿ ಹದಿನೈದು ಎಂದಳು. ಪುಡಿಯನ್ನು ನಡುವೆ ಬಿಟ್ಟವರು ಹದಿನಾಲ್ಕು ಜನ ಎಂದಳು. ಬಿಟ್ಟವರು ಎಂಬ ಮಾತನ್ನು ಆ ಬಾನಿಯ ಬಳಿ ನಾನು ಕೇಳಿದ್ದು ಅದೇ ಮೊದಲು. ಹಿರಿಯರ ಬೆತ್ತ ಎದೆಮಟ್ಟಕ್ಕೆ ಬಂದದ್ದು ಅಲ್ಲೇ ನಿಂತಿತು. ಅವರ ಇನ್ನೊಂದು ಕೈ ತಾನಾಗಿ ಬಾಯಿಯ ಮೇಲೆ ಹೋಗಿತ್ತು. ಅವರಿಗೂ ನನ್ನ ವಯಸ್ಸೇ. ಅವರು ಗುಂಪಿನಲ್ಲಿದ್ದ ಮರುಳಯ್ಯನನ್ನು ನೋಡಿದರು, ತಾಯಂದಿರ ಕಂಕುಳಲ್ಲಿದ್ದ ಮಕ್ಕಳನ್ನು ನೋಡಿದರು. ಬೆತ್ತವನ್ನು ನಿಧಾನವಾಗಿ ತೊಡೆಯ ಮೇಲೆ ಇಳಿಸಿದರು.

ಆಗ ಬಟ್ಟಲಿನ ಅಂಚು ನೀರಿನಿಂದ ಒಂದು ಬೆರಳಿನಷ್ಟು ಮೇಲಿತ್ತು. ಅಷ್ಟು ಉಳಿದಿರುವಾಗ ಮಾತು ನಿಂತದ್ದನ್ನು ನಾನು ಕಂಡಿಲ್ಲ. ದಾಕ್ಷಾಯಿಣಿ ಮಾತು ನಿಲ್ಲಿಸಿ ಗುಂಪಿನತ್ತ ತಿರುಗಿದಳು.

"ಬಿಟ್ಟೋರು ಯಾಕೆ ಬಿಟ್ರು ಅನ್ನೋದನ್ನ ಬಿಟ್ಟೋರೇ ಹೇಳ್ಲಿ. ಬನ್ನಿ ಸಾವಂತ್ರಮ್ಮ."

ಬಾನಿಯ ಬಳಿ ಇಬ್ಬರು ಮಾತಾಡಬಹುದೇ ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ನೀರಿನಿಂದ ಕಣ್ಣು ತೆಗೆಯಲಿಲ್ಲ. ಬಟ್ಟಲು ಬಿಡುವವಳಿಗೆ ಬಟ್ಟಲಷ್ಟೇ ಕಾಣಬೇಕು. ಸಾವಂತ್ರಮ್ಮ ಬುಟ್ಟಿಯನ್ನು ಪಕ್ಕದವರ ಕೈಗೆ ತುರುಕಿ ಮುಂದೆ ಬಂದಳು.

"ಬಾಯೆಲ್ಲ ಹುಣ್ಣಾಯ್ತು ಕಣ್ರಪ್ಪ, ನಂಗೆ, ಇನ್ನೂ ಹತ್ತು ಜನಕ್ಕೆ," ಎಂದಳು. "ಗಂಜಿ ಕುಡಿಯಕ್ಕೂ ಆಗ್ತಿರ್ಲಿಲ್ಲ. ಪುಡಿ ನಿಲ್ಸಿ ಎಣ್ಣೆ ಹಚ್ದೆ, ಎಂಟು ದಿನಕ್ಕೆ ವಾಸಿಯಾಯ್ತು. ಎಲ್ರಿಗೂ ವಾಸಿಯಾಯ್ತು. ನಿಮ್ಮ ಮಕ್ಕಳಿಗೆ ಹುಣ್ಣೆದ್ರೆ ಅವತ್ತೇ ನಿಲ್ಸಿ. ಖಾರದ ರುಚಿ ಮಾತ್ರ ಇನ್ನೂ..."

ಬಟ್ಟಲು ಗುಳುಕ್ಕೆಂದಿತು. ನಾನು 'ಆಯಿತು' ಎಂದೆ. ಸಾವಂತ್ರಮ್ಮ ಬಾಯಿ ತೆರೆದುಕೊಂಡೇ ನಿಂತಿದ್ದಳು. ಆದರೆ ಹೇಳಬೇಕಾದದ್ದು ಬಟ್ಟಲು ಮುಳುಗುವ ಮೊದಲೇ ಹೊರಬಂದಿತ್ತು. ಖಾರದ ಮಾತನ್ನು ಅವಳು ಅರ್ಧ ಹೇಳಿದ್ದರಿಂದ ನಮಗೂ ಅದು ಅರ್ಧವೇ ಬರುತ್ತದೆ. ಅವಳ ಮಂಡಕ್ಕಿ ಸಪ್ಪೆ ಎಂದು ಎಲ್ಲರೂ ದೂರುತ್ತಾರೆ, ಏಕೆ ಎಂದು ಹೇಳಹೊರಟವರು ಅಲ್ಲಿಗೇ ಬಂದು ನಿಲ್ಲುತ್ತಾರೆ.

ಬಟ್ಟಲೆಂದ ಮೇಲೆ ಏನಾದರೂ ಹೊರಗೆ ಉಳಿಯಲೇಬೇಕು. ಈ ಸಲ ಉಳಿದದ್ದು ವಂದನೆ. ಆದ್ದರಿಂದ ಪುಡಿಯ ವಿಷಯ ಬಂದಾಗ ಹಿರಿಯರ ಹೆಸರು ಹೇಳಲು ಯಾರಿಗೂ ಬರುವುದಿಲ್ಲ. ಅವರಿಗೇ ಬರುವುದಿಲ್ಲ. ಮೊನ್ನೆ ಪರವೂರಿನವರ ಮುಂದೆ ಆ ಪುಡಿಯ ಸಾರವನ್ನು ಪೂರ್ತಿ ಹೇಳಲು ಬಿಟ್ಟವನು ನಾನೇ ಎಂದು ಎದೆ ತಟ್ಟಿಕೊಂಡರು, ನಿಮ್ಮ ಹೆಸರೇನು ಎಂದು ಅವರು ಕೇಳಿದರೆ ಕೆಮ್ಮಿದರು. ಜೊತೆಗೆ ಡಾಕ್ಟರ ಶ್ರಮದ ಮಾತೂ ಹೊರಗೆ ಉಳಿಯಿತು. ಅದನ್ನು ಬಿಡಲು ಹೇಳಿದ್ದು ಅವರೇ ಅಂತೆ. ಅವರು ಪಟ್ಟ ಪಾಡನ್ನು ಹೊಗಳಲು ಈಗ ಊರಿನಲ್ಲಿ ಒಂದು ಮಾತಿಲ್ಲ.

ಮಂಡಲಿ ಅವತ್ತೇ ತೀರ್ಮಾನ ಹೇಳಿತು. ಮಕ್ಕಳಿಗೆ ಈಗಲೇ ಬೇಡ. ಪುಡಿಯಲ್ಲಿ ಬೇರಿನ ಪಾಲನ್ನು ಅರ್ಧಕ್ಕೆ ಇಳಿಸಿ, ಇನ್ನಷ್ಟು ದೊಡ್ಡವರ ಮೇಲೆ ಮತ್ತೊಮ್ಮೆ ಪರೀಕ್ಷೆಯಾಗಲಿ, ಬರುವವರಿದ್ದರೆ. ಆ ಕೊನೆಯ ಮಾತು ಕೇಳಿ ಡಾಕ್ಟರ ಮುಖ ಬಾಡಿತು. ಹುಣ್ಣಿನ ವಿಷಯ ಕೇಳಿದ ಮೇಲೆ ಯಾರು ಬರುತ್ತಾರೆ ಎಂದು ಅವರು ದಾಕ್ಷಾಯಿಣಿಯ ಹತ್ತಿರ ಅಂದರಂತೆ. ಅವಳು ಮನೆಗೆ ಬಂದು, ಒಬ್ಬ ಒಳ್ಳೆಯ ಮನುಷ್ಯನ ಕೆಲಸವನ್ನು ತಾನೇ ಕೈಯಾರೆ ಮುಳುಗಿಸಿದೆನೇನೋ ಎಂದು ಊಟ ಬಿಟ್ಟು ಕೂತಳು. ಮರುಳಯ್ಯ ಅವಳ ತಟ್ಟೆಯ ಮುಂದೆ ಕೂತು ತುತ್ತು ಕಲಸಿ ತಿನ್ನಿಸಿದ. ಮಗಳಿಗೆ ಅವನು ಹಾಗೆ ತಿನ್ನಿಸಿದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದೆ, ಮತ್ತೆ ಈಗ ನೋಡಿದೆ.

ಮಾರನೆಯ ದಿನ ಡಾಕ್ಟರು ಆಸ್ಪತ್ರೆಯ ಬಾಗಿಲು ತೆರೆದರೆ ಬೀದಿಯ ತಿರುವಿನ ತನಕ ಸಾಲು ನಿಂತಿತ್ತು. ಎಲ್ಲರೂ ಪರೀಕ್ಷೆಗೆ ಬಂದವರು. ಇಷ್ಟೊಂದು ಜನ ಏಕೆ ಎಂದು ಡಾಕ್ಟರು ತಬ್ಬಿಬ್ಬಾದರು. ಮುಂದೆ ನಿಂತಿದ್ದ ಕುಂಬಾರರ ಗಂಗಯ್ಯ, ಕೆಟ್ಟದ್ದನ್ನ ಹೇಳಿದೀರಲ್ಲ ಸ್ವಾಮಿ, ಇನ್ನೇನು ಭಯ ಎಂದ. ಬಂದವರಲ್ಲಿ ಬಾಯಿ ಮುಚ್ಚಿ ನಗುವ ವಯಸ್ಸಿನವರೇ ಹೆಚ್ಚು. ಡಾಕ್ಟರಿಗೆ ಏನೋ ಹೇಳಬೇಕೆಂದು ಅವರಿಗೆಲ್ಲ ಇತ್ತು, ಹೇಳಲು ಬರುತ್ತಿರಲಿಲ್ಲ, ಆದ್ದರಿಂದ ಬಂದು ನಿಂತಿದ್ದರು. ಡಾಕ್ಟರಿಗೆ ಅದು ಅರ್ಥವಾಗಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡು ಪೊಟ್ಟಣ ಕಟ್ಟಲು ಒಳಗೆ ಹೋದರು. ಗಡಿಗೆಯ ಪಕ್ಕ ದಾಕ್ಷಾಯಿಣಿ ನಿಂತಿದ್ದಳು. ಈ ಸಲದ ಬಟ್ಟಲಿಗೆ ಮೊದಲ ದಿನದಿಂದಲೇ ಎಲ್ಲವನ್ನೂ ಕಣ್ಣಾರೆ ನೋಡಿಕೊಳ್ಳುತ್ತೇನೆಂದು ಹಟ ಹಿಡಿದು ಬಂದಿದ್ದಳು.

ಸಾಲಿನಲ್ಲಿ ನಾನೂ ಇದ್ದೆ. ನನ್ನ ವಸಡಿನಲ್ಲೂ ರಕ್ತ ಬರುತ್ತದೆ, ಇಷ್ಟು ದಿನ ಯಾರ ಮುಂದೆ ಬಾಯಿ ತೆರೆಯುವುದೆಂದು ಸುಮ್ಮನಿದ್ದೆ. ಈ ಸಲ ಬೀಜದ ಬದಲು ಗಡಿಗೆಯಲ್ಲಿ ಒಂದೇ ತರಹದ, ನಂಬರು ಮಾತ್ರ ಬೇರೆಯಾದ ಪೊಟ್ಟಣಗಳಿದ್ದವು. ಕೈ ಹಾಕಿ ಒಂದನ್ನು ಎತ್ತಿದೆ. ಪುಡಿಯೋ ಉಪ್ಪೋ ನನಗೆ ಗೊತ್ತಿಲ್ಲ, ಕೊಟ್ಟ ಫಿಲೋಮಿನಾಗೂ ಗೊತ್ತಿಲ್ಲ. ಹುಣ್ಣಾದರೆ ತಕ್ಷಣ ಬಂದು ಹೇಳಬೇಕು ಅಜ್ಜಿ ಎಂದಳು ಅವಳು.

"ಹೇಳ್ತೀನಿ ಕಣೇ," ಎಂದೆ. "ಇದನ್ನ ಹೇಳಕ್ಕೆ ಬರುತ್ತಲ್ಲ."

ಸಾಲಿನವರೆಲ್ಲ ನಕ್ಕರು, ನನಗೂ ನಗು ಬಂತು. ದಾಕ್ಷಾಯಿಣಿ ನನ್ನನ್ನೇ ನೋಡುತ್ತಿದ್ದಳು, ಏನೆಂದು ಮೊದಲು ಹೊಳೆಯಲಿಲ್ಲ. ನನ್ನ ಒಂದು ಕೈಯಲ್ಲಿ ಕೋಲಿತ್ತು, ಇನ್ನೊಂದರಲ್ಲಿ ಪೊಟ್ಟಣವಿತ್ತು, ಬಾಯಿಗೆ ಅಡ್ಡ ಏನೂ ಇರಲಿಲ್ಲ.